ನಮ್ಮ ನಾಯಿಗೆ ಇನ್ನೆಷ್ಟು ದಿನ, ಡಾಕ್ಟ್ರೇ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ್ದು. ವಯಸ್ಸಾದ ಸಣ್ಣ ನಾಯಿ, ಹೃದಯದ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ ಅಂತ ಡಾಕ್ಟರ್ ಹೇಳಿದ್ದಾರೆ, ಮುಂದೇನು, ಎಷ್ಟು ದಿನ ಇರುತ್ತೆ. ಹಾಗಾಗಿ ಈ ತಿಂಗಳ ಜಾಗವನ್ನೆಲ್ಲ ಅದಕ್ಕೇ ಕೊಟ್ಟಿದ್ದೇನೆ. ಚರ್ಮದ ತುರಿಕೆ, ಬೆಕ್ಕಿನ ಊಟ ಅಂತ ಕೇಳಿದವರು ಮುಂದಿನ ಸಂಚಿಕೆವರೆಗೆ ಕಾಯಬೇಕು, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮ್ಮ ಪಮೇರಿಯನ್ ಪಿಂಕಿಗೆ 11 ವರ್ಷ. ರೇಬೀಸ್ ಲಸಿಕೆ ಹಾಕಿಸಲು ಹೋದಾಗ ಡಾಕ್ಟರ್ ಎದೆಗೆ ಸ್ಟೆತಸ್ಕೋಪ್ ಇಟ್ಟು "ಮರ್ಮರ್ ಇದೆ, ವಾಲ್ವ್ ಲೀಕ್ ಇರಬಹುದು" ಅಂದರು. ಅವಳು ಚೆನ್ನಾಗೇ ಇದ್ದಾಳೆ. ಊಟ ಮಾಡುತ್ತಾಳೆ, ಗೇಟಿನ ಹತ್ತಿರ ಯಾರು ಬಂದರೂ ಬೊಗಳುತ್ತಾಳೆ. ಆದರೆ ಅವತ್ತಿನಿಂದ ನಮಗೆ ನಿದ್ದೆ ಇಲ್ಲ. ಅವಳಿಗೆ ಇನ್ನೆಷ್ಟು ದಿನ?
ಓದುಗರು, ಮೈಸೂರು

ಉತ್ತರ: ಮೊದಲು ನೀವು ನಿದ್ದೆ ಮಾಡಿ. ಸಮಾಧಾನಕ್ಕೆ ಹೇಳುತ್ತಿಲ್ಲ. ನೀವು ಬರೆದಿರುವಷ್ಟೇ ಇದ್ದರೆ ಪಿಂಕಿ ಈ ಕಾಯಿಲೆಯ ಹೊಸ್ತಿಲಲ್ಲಿದ್ದಾಳೆ. ಎಷ್ಟೋ ನಾಯಿಗಳು ಆ ಹೊಸ್ತಿಲಲ್ಲೇ ವರ್ಷಗಟ್ಟಲೆ ಆರಾಮಾಗಿ ಇದ್ದು, ಕೊನೆಗೆ ಹೃದಯಕ್ಕೆ ಸಂಬಂಧವೇ ಇಲ್ಲದ ಕಾರಣಕ್ಕೆ, ಕಿಡ್ನಿಯಿಂದಲೋ ಗಡ್ಡೆಯಿಂದಲೋ, ವಯಸ್ಸಾಗಿಯೋ ಹೋಗುತ್ತವೆ.

ಏನಾಗಿದೆ ಅಂತ ತಿಳಿದರೆ ಹೆದರಿಕೆ ಸ್ವಲ್ಪ ಕಮ್ಮಿ ಆಗುತ್ತೆ. ಹೃದಯದ ಎಡಭಾಗದಲ್ಲಿ ಮೇಲೊಂದು ಕೋಣೆ, ಕೆಳಗೊಂದು ಕೋಣೆ. ನಡುವೆ ಎರಡು ರೆಕ್ಕೆಯ ಬಾಗಿಲು, ಅದೇ ಮೈಟ್ರಲ್ ವಾಲ್ವ್. ಈ ರೆಕ್ಕೆಗಳು ಹಿಂದಕ್ಕೆ ಮಗುಚದ ಹಾಗೆ ದಾರದಂಥ ಎಳೆಗಳು ಕೆಳಗಿನಿಂದ ಹಿಡಿದುಕೊಂಡಿರುತ್ತವೆ. ವಯಸ್ಸಾದ ಹಾಗೆ ರೆಕ್ಕೆಯ ಅಂಚು ದಪ್ಪಗಾಗಿ, ಬಿಸಿಲಿಗೆ ಇಟ್ಟ ಹಪ್ಪಳದ ಅಂಚು ಮುದುರಿಕೊಳ್ಳುವ ಹಾಗೆ ಮುದುರುತ್ತದೆ. ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಪ್ರತಿ ಬಡಿತಕ್ಕೂ ಸ್ವಲ್ಪ ರಕ್ತ ಮೇಲಿನ ಕೋಣೆಗೆ ವಾಪಸ್ ಚಿಮ್ಮುತ್ತದೆ. ಆ ಚಿಮ್ಮುವ ಸದ್ದೇ ಮರ್ಮರ್. ಲಬ್ ಡಬ್ ಅಂತ ಕೇಳಬೇಕಾದ ಕಡೆ ಲಬ್‌ಶ್‌ಶ್ ಡಬ್ ಅಂತ ಕೇಳುತ್ತೆ. ನಾಯಿಗಳ ಹೃದಯದ ಕಾಯಿಲೆಗಳಲ್ಲಿ ಸುಮಾರು ಮುಕ್ಕಾಲು ಪಾಲು ಇದೊಂದೇ. ಸಣ್ಣ ತಳಿ, ವಯಸ್ಸಾದ ನಾಯಿ ಅಂದರೆ ನಾವು ಡಾಕ್ಟರುಗಳು ಮೊದಲು ಇದನ್ನೇ ಯೋಚಿಸುವುದು.

ಮರ್ಮರ್ ಎಷ್ಟು ಜೋರು ಅನ್ನುವುದಕ್ಕೆ 1ರಿಂದ 6ರವರೆಗೆ ಅಂಕ ಕೊಡುತ್ತೇವೆ. ನಿಮ್ಮ ಡಾಕ್ಟರನ್ನು ಕೇಳಿ, ಪಿಂಕಿಯದು ಎಷ್ಟು ಅಂತ. 1, 2 ಆದರೆ ಸೋರಿಕೆ ಸಾಮಾನ್ಯವಾಗಿ ಸಣ್ಣದು. 5 ಮುಟ್ಟಿದರೆ ನಿಮಗೇ ಗೊತ್ತಾಗುತ್ತೆ, ಎಡ ಮೊಣಕೈ ಹಿಂದೆ ಎದೆಯ ಮೇಲೆ ಅಂಗೈ ಇಟ್ಟರೆ ಬೆಕ್ಕು ಗುರುಗುಟ್ಟಿದ ಹಾಗೆ ಕೈಗೆ ನಡುಕ ತಾಗುತ್ತೆ. ಇನ್ನೊಂದು ಮಾತು. ಮರ್ಮರ್ ಇದೆ ಅಂದ ಮಾತ್ರಕ್ಕೆ ವಾಲ್ವ್ ಹಾಳಾಗಿದೆ ಅಂತಲೇ ಅಲ್ಲ. ಉಣ್ಣೆ ಕಚ್ಚಿ ಜ್ವರ ಬಂದು ರಕ್ತ ಕಮ್ಮಿಯಾದ ನಾಯಿಯಲ್ಲೂ ಮೆಲ್ಲಗೆ ಮರ್ಮರ್ ಕೇಳಿಸುತ್ತೆ. ಒಂದು ರಕ್ತ ಪರೀಕ್ಷೆ ಮಾಡಿಸಿಬಿಡಿ.

ಮುಂದಿನದನ್ನು ಹೇಳುವುದು ಸದ್ದಲ್ಲ, ಹೃದಯದ ಗಾತ್ರ. ಅಮೆರಿಕದ ಪಶುವೈದ್ಯ ತಜ್ಞರ ಸಂಸ್ಥೆ ಎಸಿವಿಐಎಂ 2009ರಲ್ಲಿ ಈ ಕಾಯಿಲೆಗೆ ಹಂತಗಳನ್ನು ಮಾಡಿತು, 2019ರಲ್ಲಿ ತಿದ್ದಿತು. ಈಗ ಎಲ್ಲ ಕಡೆ ಅದನ್ನೇ ಬಳಸುತ್ತಾರೆ. ಎ ಅಂದರೆ ಕಾಯಿಲೆ ಇನ್ನೂ ಬಂದಿಲ್ಲ, ಆದರೆ ತಳಿಯಿಂದ ಬರುವ ಸಾಧ್ಯತೆ ಇದೆ. ಬಿ1 ಅಂದರೆ ಸೋರಿಕೆ ಇದೆ, ಹೃದಯ ಅಷ್ಟಾಗಿ ಹಿಗ್ಗಿಲ್ಲ. ಬಿ2 ಅಂದರೆ ಹೃದಯ ಹಿಗ್ಗಿದೆ, ನಾಯಿಗೆ ಮಾತ್ರ ಇನ್ನೂ ತೊಂದರೆ ಕಾಣುತ್ತಿಲ್ಲ. ಸಿ ಅಂದರೆ ಒಮ್ಮೆಯಾದರೂ ಶ್ವಾಸಕೋಶಕ್ಕೆ ನೀರು ತುಂಬಿ ಹಾರ್ಟ್ ಫೇಲ್ ಆಗಿದೆ. ಡಿ ಅಂದರೆ ಮಾಮೂಲಿ ಔಷಧಿಗೆ ಬಗ್ಗುತ್ತಿಲ್ಲ.

ಪಿಂಕಿ ಬಿ1ರಲ್ಲಿದ್ದಾಳಾ ಬಿ2ರಲ್ಲಿದ್ದಾಳಾ ಅನ್ನುವುದೇ ಈಗಿನ ಪ್ರಶ್ನೆ. ಅದಕ್ಕೆ ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್ ಬೇಕು. ಎಕೋದಲ್ಲಿ ಎಡ ಮೇಲಿನ ಕೋಣೆಯ ಅಗಲವನ್ನು ಪಕ್ಕದ ಮಹಾಧಮನಿಯ ಅಗಲಕ್ಕೆ ಹೋಲಿಸಿ ನೋಡುತ್ತಾರೆ, 1.6 ಮುಟ್ಟಿದರೆ ಹಿಗ್ಗಿದೆ ಅಂತ ಲೆಕ್ಕ. ಕೆಳಗಿನ ಕೋಣೆಯನ್ನು ನಾಯಿಯ ತೂಕಕ್ಕೆ ಹೊಂದಿಸಿ ಅಳೆಯುತ್ತಾರೆ, ಅದಕ್ಕೆ ಗಡಿ 1.7. ಎರಡೂ ದಾಟಿ, ಮರ್ಮರ್ 3 ಅಥವಾ ಜಾಸ್ತಿ ಇದ್ದು, ಎಕ್ಸ್-ರೇಯಲ್ಲೂ ಹೃದಯ ದೊಡ್ಡದಾಗಿ ಕಂಡರೆ ಅದು ಬಿ2.

ಈ ಗೆರೆಗೆ ಯಾಕೆ ಇಷ್ಟು ಬೆಲೆ ಅಂದರೆ, ಔಷಧಿ ಶುರು ಮಾಡುವ ಸಮಯ ಅದೇ. ಎಪಿಕ್ ಅನ್ನುವ ಅಧ್ಯಯನ 2016ರಲ್ಲಿ ಪ್ರಕಟವಾಯಿತು. 11 ದೇಶಗಳ 360 ನಾಯಿಗಳು, ಎಲ್ಲವೂ ಬಿ2. ಅರ್ಧಕ್ಕೆ ಪಿಮೊಬೆಂಡಾನ್ ಮಾತ್ರೆ, ಅರ್ಧಕ್ಕೆ ಔಷಧಿಯೇ ಇಲ್ಲದ ಸುಳ್ಳು ಮಾತ್ರೆ. ಸುಳ್ಳು ಮಾತ್ರೆಯ ಗುಂಪಿನಲ್ಲಿ ಹಾರ್ಟ್ ಫೇಲ್ ಅಥವಾ ಹೃದಯದಿಂದ ಸಾವು ಬರಲು ಮಧ್ಯದ ಲೆಕ್ಕದಲ್ಲಿ (ಅರ್ಧ ನಾಯಿಗಳಿಗೆ ಅದಕ್ಕಿಂತ ಮೊದಲು, ಇನ್ನರ್ಧಕ್ಕೆ ಆಮೇಲೆ) 766 ದಿನ, ಪಿಮೊಬೆಂಡಾನ್ ಗುಂಪಿನಲ್ಲಿ 1228 ದಿನ. ಹತ್ತಿರ ಹತ್ತಿರ 15 ತಿಂಗಳು ಜಾಸ್ತಿ, ಅದೂ ಕೆಮ್ಮು ದಮ್ಮು ಇಲ್ಲದ, ಗೇಟಿನ ಹತ್ತಿರ ಬೊಗಳಿಕೊಂಡಿರುವ 15 ತಿಂಗಳು. ಲಾಭ ಅಷ್ಟು ಸ್ಪಷ್ಟವಾಗಿ ಕಂಡದ್ದರಿಂದ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಬಿ1ರಲ್ಲಿ ಕೊಟ್ಟರೆ ಇಂಥ ಲಾಭ ಇದೆ ಅಂತ ಯಾರೂ ತೋರಿಸಿಲ್ಲ. ಹಾಗಾಗಿ ಪಕ್ಕದ ಮನೆ ನಾಯಿಗೆ ಕೊಡುತ್ತಾರೆ ಅಂತ ನೀವೂ ಸುಮ್ನೆ ಶುರು ಮಾಡಬೇಡಿ. ಎಕೋ ಮಾಡಿಸಿ. ಬಿ1 ಆದರೆ ಔಷಧಿ ಬೇಡ, 6 ತಿಂಗಳಿಗೋ ವರ್ಷಕ್ಕೋ ಒಮ್ಮೆ ಮತ್ತೆ ತೋರಿಸಿ.

ಪ್ರಶ್ನೆ: ನಮ್ಮ ಡ್ಯಾಶ್‌ಹಂಡ್ ರಾಜಾನಿಗೆ 12 ವರ್ಷ. ಕಳೆದ ತಿಂಗಳು ಒಂದು ರಾತ್ರಿ ಇದ್ದಕ್ಕಿದ್ದ ಹಾಗೆ ಏದುಸಿರು ಬಿಡತೊಡಗಿದ. ಕುತ್ತಿಗೆ ಚಾಚಿ ನಿಂತೇ ಇದ್ದ, ಮಲಗಲಿಲ್ಲ. ಆಸ್ಪತ್ರೆಯಲ್ಲಿ ಇಂಜೆಕ್ಷನ್, ಆಕ್ಸಿಜನ್ ಕೊಟ್ಟು ಉಳಿಸಿದರು. ಈಗ ಮಾತ್ರೆಗಳ ಮೇಲೆ ಚೆನ್ನಾಗಿದ್ದಾನೆ. ಆದರೆ "ಆರು ತಿಂಗಳು ಇದ್ದರೆ ಹೆಚ್ಚು" ಅಂದಿದ್ದಾರೆ. ಮನೆಯವರೆಲ್ಲ ಕ್ಯಾಲೆಂಡರ್ ನೋಡುತ್ತಾ ದಿನ ಎಣಿಸುತ್ತಿದ್ದೇವೆ. ಆರು ತಿಂಗಳು ಅನ್ನುವುದು ಎಷ್ಟು ನಿಜ?
ಓದುಗರು, ಹುಬ್ಬಳ್ಳಿ

ಉತ್ತರ: ಆ ಲೆಕ್ಕ ಎಲ್ಲಿಂದ ಬರುತ್ತೆ ಅಂತ ಮೊದಲು ಹೇಳುತ್ತೇನೆ. ಅದು ಗೊತ್ತಾಗದೆ ಎಷ್ಟೋ ಮನೆಗಳಲ್ಲಿ ನಾಯಿ ಬದುಕಿರುವಾಗಲೇ ಸೂತಕದ ಮೌನ ಬಂದುಬಿಡುತ್ತೆ, ಅದನ್ನು ನೋಡಿ ನನಗೆ ತುಂಬ ಸಂಕಟವಾಗಿದೆ.

ಒಂದೇ ಕಾಯಿಲೆಯ 100 ನಾಯಿಗಳನ್ನು ತಗೊಳ್ಳಿ. ಎಷ್ಟೆಷ್ಟು ದಿನ ಬದುಕಿದವು ಅಂತ ಬರೆದು, ಕಮ್ಮಿಯಿಂದ ಜಾಸ್ತಿಗೆ ಸಾಲಾಗಿ ನಿಲ್ಲಿಸಿ. ಸಾಲಿನ ನಟ್ಟನಡುವಿನ ನಾಯಿ ಎಷ್ಟು ದಿನ ಬದುಕಿತೋ ಅದೇ ಮಧ್ಯದ ಲೆಕ್ಕ. ಪುಸ್ತಕಗಳಲ್ಲಿ ಬರುವುದು, ಡಾಕ್ಟರ್ ಬಾಯಲ್ಲಿ ಬರುವುದು ಹೆಚ್ಚಾಗಿ ಅದೇ. ಅಂದರೆ 50 ನಾಯಿಗಳು ಅದಕ್ಕಿಂತ ಜಾಸ್ತಿ ದಿನ ಇದ್ದವು ಅಂತಲೂ ಅರ್ಥ, ಅವುಗಳಲ್ಲಿ ಕೆಲವು ಅದರ ಎರಡರಷ್ಟು, ಮೂರರಷ್ಟು ದಿನ. ನಿಮ್ಮ ರಾಜಾ ಆ ಸಾಲಿನಲ್ಲಿ ಎಲ್ಲಿ ನಿಂತಿದ್ದಾನೆ ಅನ್ನುವುದನ್ನು ಆ ಒಂದು ಅಂಕಿ ಹೇಳುವುದೇ ಇಲ್ಲ. ಅದು ಗಡುವಲ್ಲ.

2008ರಲ್ಲಿ ಬಂದ ಕ್ವೆಸ್ಟ್ ಅಧ್ಯಯನ ರಾಜಾನಂಥ ನಾಯಿಗಳದ್ದೇ, ಹಾರ್ಟ್ ಫೇಲ್ ಆಗಿ ಚಿಕಿತ್ಸೆಯಲ್ಲಿದ್ದವು. ಹೃದಯದಿಂದ ಸಾವು, ಅಥವಾ ಕಷ್ಟ ನೋಡಲಾಗದೆ ದಯಾಮರಣ, ಅಥವಾ ಔಷಧಿ ಕೈಕೊಡುವುದು, ಈ ಮೂರರಲ್ಲಿ ಒಂದು ಆಗಲು ಬೆನಜೆಪ್ರಿಲ್ ಅನ್ನುವ ಇನ್ನೊಂದು ಮಾತ್ರೆ ತಗೊಂಡ ಗುಂಪಿಗೆ ಮಧ್ಯದ ಲೆಕ್ಕ 140 ದಿನ, ಪಿಮೊಬೆಂಡಾನ್ ತಗೊಂಡ ಗುಂಪಿಗೆ 267 ದಿನ. ನೋಡಿ, ಒಂದೇ ಕಾಯಿಲೆ, ಒಂದೇ ಹಂತ, ಮಾತ್ರೆ ಬದಲಾದರೆ ಲೆಕ್ಕ ಹತ್ತಿರ ಹತ್ತಿರ ಎರಡರಷ್ಟು. ನೀವು ಕಳಿಸಿದ ಔಷಧಿ ಚೀಟಿಯಲ್ಲಿ ಪಿಮೊಬೆಂಡಾನ್ ಇದೆ, ಅದು ಒಳ್ಳೆಯದು. ದಿನಕ್ಕೆ ಎರಡು ಸಲ, 12 ಗಂಟೆ ಅಂತರದಲ್ಲಿ, ಊಟಕ್ಕೆ ಒಂದು ಗಂಟೆ ಮೊದಲು ಕೊಡಿ. ಊಟದ ಜೊತೆ ಕೊಟ್ಟರೆ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಇನ್ನೊಂದನ್ನು ಮರೆಯಬಾರದು. ಈ ಅಧ್ಯಯನಗಳಲ್ಲಿ ಸತ್ತ ನಾಯಿಗಳಲ್ಲಿ ಅನೇಕವು ತಾವಾಗಿ ಸತ್ತವಲ್ಲ, ಮಾಲೀಕರು ದಯಾಮರಣ ಕೊಡಿಸಿದವು. ಹಾಗಾಗಿ ಆ ಅಂಕಿಯೊಳಗೆ ಕಾಯಿಲೆಯ ಜೊತೆ ಮನುಷ್ಯರ ತೀರ್ಮಾನವೂ ಸೇರಿಕೊಂಡಿದೆ.

ಹಾಗಾದರೆ ರಾಜಾನ ಬಗ್ಗೆ ಏನು ಹೇಳಬಹುದು? ಎಕೋ ರಿಪೋರ್ಟ್ ಇದ್ದರೆ ಕೆಲವು ವಿಷಯ ಹೇಳಬಹುದು. ಇಟಲಿಯ ಪಶುವೈದ್ಯರು 2021ರಲ್ಲಿ ಮೈನ್ ಅನ್ನುವ ಅಂಕ ಪದ್ಧತಿ ಪ್ರಕಟಿಸಿದರು. ಎಕೋದ ನಾಲ್ಕು ಅಳತೆ ತಗೊಳ್ಳುತ್ತಾರೆ. ಮೇಲಿನ ಕೋಣೆ ಎಷ್ಟು ಹಿಗ್ಗಿದೆ, ಕೆಳಗಿನ ಕೋಣೆ ಎಷ್ಟು ಹಿಗ್ಗಿದೆ, ಅದು ಎಷ್ಟು ಬಿರುಸಾಗಿ ಹಿಂಡುತ್ತಿದೆ, ಮೇಲಿನಿಂದ ಕೆಳಕ್ಕೆ ರಕ್ತ ಎಷ್ಟು ವೇಗವಾಗಿ ಇಳಿಯುತ್ತಿದೆ. ನಾಲ್ಕೂ ಕೂಡಿಸಿದರೆ 4ರಿಂದ 14ರವರೆಗೆ ಒಂದು ಅಂಕ. 4, 5 ಬಂದವು ಸೌಮ್ಯ ಗುಂಪು, ಮಧ್ಯದ ಲೆಕ್ಕ 2344 ದಿನ. 6, 7 ಬಂದವಕ್ಕೆ 1882 ದಿನ. 8ರಿಂದ 12 ಬಂದವಕ್ಕೆ 623 ದಿನ. 13, 14 ಬಂದವಕ್ಕೆ 157 ದಿನ. ಆರು ವರ್ಷದಿಂದ ಐದು ತಿಂಗಳವರೆಗೆ! ಹೆಸರು ಮಾತ್ರ ಎಲ್ಲಕ್ಕೂ ಒಂದೇ, ವಾಲ್ವ್ ಕಾಯಿಲೆ. ನಿಮ್ಮ ಡಾಕ್ಟರ್ ಹತ್ತಿರ ಈ ಅಂಕ ಹಾಕಿಸಿ ನೋಡಿ, ಅಳತೆಗಳು ರಿಪೋರ್ಟಿನಲ್ಲಿ ಇದ್ದೇ ಇರುತ್ತವೆ.

ಅಂಕದ ಆಚೆಗೂ ಕೆಲವು ಕೆಟ್ಟ ಸೂಚನೆಗಳಿವೆ. ವಾಲ್ವ್ ಹಿಡಿದಿರುವ ದೊಡ್ಡ ಎಳೆ ಹರಿದಿದ್ದರೆ, ನಾಯಿ ತಲೆ ತಿರುಗಿ ಬೀಳುತ್ತಿದ್ದರೆ, ಬಡಿತದ ತಾಳ ಪೂರ್ತಿ ತಪ್ಪಿದ್ದರೆ, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿದ್ದರೆ, ಕಿಡ್ನಿ ಸೋಲುತ್ತಿದ್ದರೆ ದಾರಿ ಕಷ್ಟದ್ದು. ನೀರು ಇಳಿಸುವ ಮಾತ್ರೆ, ಅದೇ ಫ್ಯುರೊಸೆಮೈಡ್, ಎಷ್ಟು ಬೇಕಾಗುತ್ತಿದೆ ಅನ್ನುವುದೂ ಒಂದು ಸೂಚನೆ. ತಿಂಗಳು ತಿಂಗಳಿಗೆ ಡೋಸ್ ಏರಿಸಲೇಬೇಕಾದರೆ ಕಾಯಿಲೆ ಓಡುತ್ತಿದೆ ಅಂತ. ಅದೇ ಡೋಸಿನಲ್ಲಿ ತಿಂಗಳುಗಟ್ಟಲೆ ನಿಂತಿದ್ದರೆ ಒಳ್ಳೆಯದು.

ತೂಕ ನೋಡುತ್ತಿರಿ. ಇದನ್ನು ಯಾರೂ ಅಷ್ಟು ಗಮನಿಸುವುದಿಲ್ಲ. ಹಾರ್ಟ್ ಫೇಲ್ ಆದ ಮೇಲೆ ತೂಕ ಕಳೆದುಕೊಳ್ಳದ ನಾಯಿಗಳು ಜಾಸ್ತಿ ದಿನ ಬದುಕುತ್ತವೆ. ರಾಜಾನ ಬೆನ್ನಿನ ಮೇಲೆ ಕೈ ಆಡಿಸಿ. ಬೆನ್ನುಮೂಳೆಯ ಎರಡೂ ಕಡೆ ಮಾಂಸ ತುಂಬಿಕೊಂಡಿರಬೇಕು. ಗುಬುಟು ಗುಬುಟಾಗಿ ಮೂಳೆ ತಾಗಿದರೆ ಮಾಂಸ ಕರಗುತ್ತಿದೆ. ಅವನನ್ನು ಎತ್ತಿಕೊಂಡು ತೂಕದ ಮಷೀನ್ ಮೇಲೆ ನಿಲ್ಲಿ, ಆಮೇಲೆ ನಿಮ್ಮ ತೂಕ ಕಳೆಯಿರಿ, ಅಷ್ಟೇ. ಪಥ್ಯ ಅಂತ ಬರೀ ಗಂಜಿ ಹಾಕಬೇಡಿ. ಉಪ್ಪು ಕಮ್ಮಿ ಇರಲಿ, ಹಪ್ಪಳ, ಚಿಪ್ಸ್, ಬ್ರೆಡ್, ಬಿಸ್ಕತ್ತು ಬೇಡ. ಆದರೆ ಕೋಳಿ, ಮೊಟ್ಟೆ ಹೊಟ್ಟೆ ತುಂಬ ತಿನ್ನಲಿ.

ಕ್ಯಾಲೆಂಡರಿನಲ್ಲಿ ಆರು ತಿಂಗಳ ಗುರುತು ಹಾಕಿದ್ದರೆ ಇವತ್ತೇ ಅಳಿಸಿ. ಆ ಕ್ಯಾಲೆಂಡರಿಗೆ ಬೇರೆ ಕೆಲಸ ಇದೆ. ಏನು ಅಂತ ಮುಂದಿನ ಉತ್ತರದಲ್ಲಿ ಓದಿ.

ಪ್ರಶ್ನೆ: ನಮ್ಮೂರಲ್ಲಿ ನಾಯಿಗೆ ಎಕೋ ಮಾಡುವವರು ಇಲ್ಲ. ಎಕ್ಸ್-ರೇ ಮಾತ್ರ ಇದೆ. 10 ವರ್ಷದ ಸ್ಪಿಟ್ಜ್, ಮರ್ಮರ್ 4 ಅಂದಿದ್ದಾರೆ. ಬೆಂಗಳೂರಿಗೆ ಪದೇಪದೇ ಹೋಗುವುದು ಆಗದ ಮಾತು. ಎಕೋ ಇಲ್ಲದೆ ಮುಂದೇನಾಗುತ್ತೆ ಅಂತ ತಿಳಿಯಲು ದಾರಿ ಇಲ್ಲವಾ?
ಓದುಗರು, ಹರಪನಹಳ್ಳಿ

ಉತ್ತರ: ದಾರಿ ಇದೆ. ಆಗುವುದಾದರೆ ಒಂದೇ ಒಂದು ಸಲ ಎಕೋಗೆ ಹೋಗಿಬನ್ನಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ದೊಡ್ಡ ಕಡೆ ಮೊದಲೇ ಫೋನ್ ಮಾಡಿ, ಯಾವ ದಿನ ಇರುತ್ತೆ ಅಂತ ಕೇಳಿ ಹೊರಡಿ. ಆಗದಿದ್ದರೆ ಎಕ್ಸ್-ರೇ, ಮತ್ತೆ ನಿಮ್ಮ ಕಣ್ಣು, ಇವೆರಡರಿಂದ ತುಂಬಾ ದೂರ ಹೋಗಬಹುದು.

ಎಕ್ಸ್-ರೇಯಲ್ಲಿ ಹೃದಯವನ್ನು ಅದೇ ನಾಯಿಯ ಬೆನ್ನುಮೂಳೆಯಿಂದ ಅಳೆಯುತ್ತಾರೆ. ಹೃದಯದ ಉದ್ದ ಮತ್ತು ಅಗಲ ತಗೊಂಡು, ಎದೆಯ ನಾಲ್ಕನೇ ಕಶೇರುವಿನಿಂದ ಹಿಂದಕ್ಕೆ ಇಟ್ಟು, ಎಷ್ಟು ಮೂಳೆಯಷ್ಟು ಬಂತು ಅಂತ ಎಣಿಸಿ ಕೂಡಿಸುತ್ತಾರೆ. ನಾಯಿ ದೊಡ್ಡದಿರಲಿ ಚಿಕ್ಕದಿರಲಿ, ಅಳತೆಗೋಲು ಅದರದ್ದೇ ಮೈಯೊಳಗಿದೆ, ಎಷ್ಟು ಚೆಂದದ ಉಪಾಯ ಅಲ್ವಾ? ಸಾಮಾನ್ಯವಾಗಿ 10.5 ದಾಟಿದರೆ ದೊಡ್ಡದು ಅನ್ನುತ್ತಾರೆ. ಆದರೆ ಪಮೇರಿಯನ್, ಪಗ್ ಥರದ ತಳಿಗಳಲ್ಲಿ ಹೃದಯ ಸರಿಯಿದ್ದಾಗಲೂ ಈ ಅಂಕಿ ಸ್ವಲ್ಪ ಮೇಲೇ ಇರುತ್ತೆ. ಅದಕ್ಕೇ ಎಕೋ ಇಲ್ಲದ ಕಡೆ 11.5 ಮುಟ್ಟಿದರೆ ಬಿ2 ಅಂತ ತಿಳಿದು ಔಷಧಿ ಶುರು ಮಾಡಬಹುದು ಅಂತ 2019ರ ಮಾರ್ಗಸೂಚಿ ಹೇಳುತ್ತೆ.

ಇದಕ್ಕಿಂತ ಮುಖ್ಯವಾದದ್ದು ಹಳೆಯ ಎಕ್ಸ್-ರೇ. ಬಿಸಾಡಬೇಡಿ! ಈ ಕಾಯಿಲೆಯಲ್ಲಿ ಹೃದಯ ವರ್ಷಗಟ್ಟಲೆ ನಿಧಾನಕ್ಕೆ ಹಿಗ್ಗುತ್ತಾ ಇದ್ದು, ಹಾರ್ಟ್ ಫೇಲ್ ಆಗುವ ಮುಂಚಿನ 6ರಿಂದ 12 ತಿಂಗಳಲ್ಲಿ ಜೋರಾಗಿ ಹಿಗ್ಗತೊಡಗುತ್ತೆ. ಹಾಗಾಗಿ ಇವತ್ತಿನ ಅಂಕಿಗಿಂತ, ಹೋದ ಸಲಕ್ಕೂ ಈ ಸಲಕ್ಕೂ ಎಷ್ಟು ಏರಿತು ಅನ್ನುವುದು ಹೆಚ್ಚು ಹೇಳುತ್ತೆ. 6 ತಿಂಗಳಿಗೊಂದು ಎಕ್ಸ್-ರೇ, ಒಂದೇ ಭಂಗಿ, ಒಂದೇ ಮಷೀನ್. ಫಿಲ್ಮ್ ಆದರೆ ಕವರಿನ ಮೇಲೆ ತಾರೀಕು ಬರೆದಿಡಿ, ಮೊಬೈಲಿಗೆ ಕಳಿಸಿದ್ದಾದರೆ ಅಳಿಸದೆ ಇಟ್ಟುಕೊಳ್ಳಿ. ಎನ್‌ಟಿ-ಪ್ರೊಬಿಎನ್‌ಪಿ ಅಂತ ಒಂದು ರಕ್ತ ಪರೀಕ್ಷೆಯೂ ಇದೆ. ಹೃದಯದ ಗೋಡೆ ಎಳೆದಾಡಿದಷ್ಟೂ ಅದು ಏರುತ್ತೆ, 1500 ದಾಟಿದ ನಾಯಿಗಳಲ್ಲಿ ಹಾರ್ಟ್ ಫೇಲ್ ಆಗುವ ಸಾಧ್ಯತೆ ಜಾಸ್ತಿ. ಸಿಕ್ಕಿದರೆ ಮಾಡಿಸಿ, ಸಿಗದಿದ್ದರೆ ಕೊರಗಬೇಡಿ.

ಈಗ ಕ್ಯಾಲೆಂಡರಿನ ಕೆಲಸ. ನಾಯಿ ಗಾಢ ನಿದ್ದೆಯಲ್ಲಿರುವಾಗ ಉಸಿರು ಎಣಿಸಿ. ಎದೆ ಏರಿ ಇಳಿದರೆ ಒಂದು. ಪೂರ್ತಿ ಒಂದು ನಿಮಿಷ, ಅಥವಾ 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ಕನಸು ಕಂಡು ಕಾಲು ಒದರುತ್ತಿದ್ದರೆ, ಮೀಸೆ ಕುಣಿಸುತ್ತಿದ್ದರೆ ಆಗ ಬೇಡ. ಬಿಸಿಲಲ್ಲಿ ಆಡಿ ಬಂದು ನಾಲಿಗೆ ಹಾಕಿಕೊಂಡು ಬಿದ್ದಾಗಲೂ ಬೇಡ. ಫ್ಯಾನಿನ ಕೆಳಗೆ ತಣ್ಣಗೆ ಮಲಗಿದಾಗ ಎಣಿಸಿ. 30ರ ಒಳಗಿರಬೇಕು. ಹೆಚ್ಚಿನ ನಾಯಿಗಳಲ್ಲಿ 25ಕ್ಕಿಂತ ಕಮ್ಮಿಯೇ ಇರುತ್ತೆ. ನಿಮ್ಮ ನಾಯಿಯ ಮಾಮೂಲಿ ಎಷ್ಟು ಅಂತ ಒಂದು ವಾರ ಬರೆದು ತಿಳಿದುಕೊಳ್ಳಿ. ಆಮೇಲೆ ಅದು ಏರಿ 30 ದಾಟಿದರೆ, ಅರ್ಧ ಗಂಟೆ ಬಿಟ್ಟು ಮತ್ತೆ ಎಣಿಸಿದರೂ ಹಾಗೇ ಇದ್ದರೆ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಮರುದಿನ ನೋಡೋಣ ಅನ್ನಬೇಡಿ.

ನಮ್ಮ ಮನೆಯ ಗುಂಡನಿಗೆ ಇದೇ ಕಾಯಿಲೆ ಇತ್ತು. ನಾನು ಡಾಕ್ಟರ್, ಆದರೆ ಹಗಲೆಲ್ಲ ಕ್ಲಿನಿಕ್‌ನಲ್ಲಿ. ಎಣಿಸುತ್ತಿದ್ದದ್ದು ಅಮ್ಮ. ರಾತ್ರಿ ಊಟ ಮುಗಿಸಿ, ಅಡುಗೆಮನೆ ಬಾಗಿಲಲ್ಲಿ ಗೋಣಿಚೀಲದ ಮೇಲೆ ಅವನು ಮಲಗಿದ ಮೇಲೆ, ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು ಗೋಡೆ ಗಡಿಯಾರ ನೋಡಿ ಎಣಿಸೋರು. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಕೆಳಗೆ ಪೆನ್ಸಿಲಿನಲ್ಲಿ ಬರೆಯೋರು. 20, 22, 21, 22. ಎಂಟು ತಿಂಗಳು ಹೀಗೇ. ಒಂದು ರಾತ್ರಿ 26, ಮಾರನೇ ರಾತ್ರಿ 38. ಗುಂಡ ಆರಾಮಾಗೇ ಕಾಣುತ್ತಿದ್ದ, ಊಟವನ್ನೂ ಬಿಟ್ಟಿರಲಿಲ್ಲ. ಅಮ್ಮ ಹೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಆ ರಾತ್ರಿಯೇ ಎಕ್ಸ್-ರೇ ತೆಗೆದೆ, ಶ್ವಾಸಕೋಶದಲ್ಲಿ ನೀರು ಆಗಷ್ಟೇ ಶುರುವಾಗಿತ್ತು. ಇಂಜೆಕ್ಷನ್ ಕೊಟ್ಟು, ಮಾತ್ರೆ ಶುರು ಮಾಡಿದೆ. ಅದಾದ ಮೇಲೆ ಗುಂಡ ಇನ್ನೂ 14 ತಿಂಗಳು ನಮ್ಮ ಜೊತೆ ಇದ್ದ. ನನ್ನ ಹತ್ತಿರ ಇರುವ ಯಾವ ಮಷೀನೂ ಅಮ್ಮನ ಪೆನ್ಸಿಲಿನಷ್ಟು ಮೊದಲು ಅದನ್ನು ಹೇಳಲಿಲ್ಲ.

ಪ್ರಶ್ನೆ: 9 ವರ್ಷದ ಪಮೇರಿಯನ್. ಮರ್ಮರ್ ಇದೆ. ಒಂದು ವರ್ಷದಿಂದ ಕೆಮ್ಮು. ಮಳೆಗಾಲದಲ್ಲಿ ಜಾಸ್ತಿ. ಖುಷಿಯಾದಾಗ, ಬೆಲ್ಟ್ ಎಳೆದಾಗ ಕೆಮ್ಮುತ್ತೆ. ಹೃದಯ ಕೊನೆಗೆ ಬಂದಿದೆ ಅಂತಲಾ?
ಓದುಗರು, ಮಂಗಳೂರು

ಉತ್ತರ: ನೀವು ಹೇಳುವ ಕೆಮ್ಮು ಶ್ವಾಸನಾಳದ್ದು ಇದ್ದ ಹಾಗಿದೆ. ಪಮೇರಿಯನ್‌ಗಳಲ್ಲಿ ಗಂಟಲಿನ ಕೊಳವೆ ಮೆತ್ತಗಾಗಿ ಒಳಕ್ಕೆ ಕುಸಿಯುವುದು ತುಂಬಾ ಸಾಮಾನ್ಯ, ಬಾತುಕೋಳಿ ಕೂಗಿದ ಹಾಗೆ ಹಾಂಕ್ ಹಾಂಕ್ ಅಂತ ಕೆಮ್ಮುತ್ತವೆ. ಹಿಗ್ಗಿದ ಹೃದಯ ಶ್ವಾಸನಾಳವನ್ನು ಒತ್ತಿಯೂ ಕೆಮ್ಮು ಬರಬಹುದು, ಅದು ಕೂಡ ಹಾರ್ಟ್ ಫೇಲ್ ಅಲ್ಲ. ನಿದ್ದೆಯ ಉಸಿರು ಎಣಿಸಿ. ಕೆಮ್ಮು ಎಷ್ಟೇ ಇದ್ದರೂ ಉಸಿರು 20ರ ಆಸುಪಾಸಿನಲ್ಲಿದ್ದರೆ ಶ್ವಾಸಕೋಶದಲ್ಲಿ ನೀರಿಲ್ಲ ಅಂತ ಸಾಕಷ್ಟು ಧೈರ್ಯವಾಗಿ ಹೇಳಬಹುದು. ಬರೀ ಕೆಮ್ಮು ನೋಡಿ ನೀರು ಇಳಿಸುವ ಮಾತ್ರೆ ಶುರು ಮಾಡಬೇಡಿ, ಕಿಡ್ನಿಗೆ ಸುಮ್ನೆ ಭಾರ. ಕುತ್ತಿಗೆಯ ಬೆಲ್ಟ್ ತೆಗೆದು ಎದೆಗೆ ಕಟ್ಟುವ ಹಾರ್ನೆಸ್ ಹಾಕಿ, ಒಂದು ಎಕ್ಸ್-ರೇ ತೆಗೆಸಿ.

ಪ್ರಶ್ನೆ: ನಾವು ಶಿವಮೊಗ್ಗದವರು, ನ್ಯೂಜೆರ್ಸಿಯಲ್ಲಿ 8 ವರ್ಷದಿಂದ ಇದ್ದೇವೆ. ನಮ್ಮ ಕ್ಯಾವಲಿಯರ್‌ಗೆ ಇನ್ನೂ 7 ವರ್ಷ, ಆಗಲೇ ಬಿ2. ವಾಲ್ವ್ ಆಪರೇಷನ್ ಮಾಡಿಸಿದರೆ ಪೂರ್ತಿ ಸರಿಹೋಗುತ್ತೆ ಅಂತ ಕೇಳಿದೆವು. ನಿಜವಾ?
ಓದುಗರು, ನ್ಯೂಜೆರ್ಸಿ

ಉತ್ತರ: ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪೇನಿಯಲ್‌ಗೆ ಈ ಕಾಯಿಲೆ ರಕ್ತದಲ್ಲೇ ಬಂದಿದೆ. ಬೇರೆ ತಳಿಗಳಿಗಿಂತ ವರ್ಷಗಳಷ್ಟು ಮೊದಲೇ ಶುರುವಾಗಿ, 10 ವರ್ಷ ಮುಟ್ಟುವಷ್ಟರಲ್ಲಿ ಹತ್ತಿರ ಹತ್ತಿರ ಎಲ್ಲಕ್ಕೂ ಬಂದಿರುತ್ತೆ. ಮರಿ ಮಾಡಿಸುವಾಗ ಹೃದಯ ನೋಡಿ ಆರಿಸಿದರೆ ಇದು ಕಮ್ಮಿಯಾಗುತ್ತೆ ಅಂತ ಡೆನ್ಮಾರ್ಕ್ ತೋರಿಸಿದೆ. ಅಲ್ಲಿ ತಪಾಸಣೆ ಕಡ್ಡಾಯ ಮಾಡಿ 8ರಿಂದ 10 ವರ್ಷದಲ್ಲಿ ಅಪಾಯ ಶೇ 73ರಷ್ಟು ಇಳಿಯಿತು. ಬೇರೆ ಎಷ್ಟೋ ದೇಶಗಳು ಇನ್ನೂ ಯಾಕೆ ಮಾಡುತ್ತಿಲ್ಲ ಅನ್ನುವುದು ನನಗೆ ತುಂಬಾ ಬೇಸರದ ವಿಷಯ.

ಆಪರೇಷನ್ ನಿಜವಾಗಿ ಇದೆ. ದಾರಿ ಮಾಡಿದವರು ಜಪಾನಿನ ಮಸಾಮಿ ಉಏಚಿ. ಹೃದಯವನ್ನು ನಿಲ್ಲಿಸಿ, ಹೊರಗಿನ ಯಂತ್ರದಲ್ಲಿ ರಕ್ತ ಓಡಿಸುತ್ತಾ, ಹರಿದ ಎಳೆಗಳ ಜಾಗಕ್ಕೆ ಗೋರ್‌ಟೆಕ್ಸ್ ದಾರ ಹೊಲಿದು, ಅಗಲವಾದ ಬಾಗಿಲ ಚೌಕಟ್ಟನ್ನು ಬಿಗಿ ಮಾಡುತ್ತಾರೆ. ಐದಾರು ಕೆಜಿ ನಾಯಿಯ ಹೃದಯ ಎಷ್ಟು ಪುಟ್ಟದು ಅಂತ ಯೋಚಿಸಿ ನೋಡಿ. ಇಂಗ್ಲೆಂಡಿನ ರಾಯಲ್ ವೆಟರ್ನರಿ ಕಾಲೇಜಿನಲ್ಲೂ ಮಾಡಿದ್ದಾರೆ. ಅಮೆರಿಕದಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿದೆ. ಇನ್ನೊಂದು ವಿಧಾನದಲ್ಲಿ ಹೃದಯ ಬಡಿಯುತ್ತಿರುವಾಗಲೇ ಎದೆಯಲ್ಲಿ ಸಣ್ಣ ಸೀಳು ಮಾಡಿ, ವಿ-ಕ್ಲ್ಯಾಂಪ್ ಅನ್ನುವ ಕ್ಲಿಪ್‌ನಿಂದ ಎರಡು ರೆಕ್ಕೆಗಳನ್ನು ನಡುವೆ ಸೇರಿಸಿ ಹಿಡಿಸುತ್ತಾರೆ. ಅದು ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದೆ. ಚೆನ್ನಾಗಿ ಆದರೆ ಸೋರಿಕೆ ತುಂಬಾ ಕಮ್ಮಿಯಾಗುತ್ತೆ, ಕೆಲವು ನಾಯಿಗಳಿಗೆ ಮಾತ್ರೆಯೂ ಬೇಡವಾಗುತ್ತೆ. ಆದರೆ ಆಪರೇಷನ್ ಟೇಬಲ್ ಮೇಲೇ ಹೋಗುವ ಅಪಾಯ ಇದ್ದೇ ಇದೆ, ಖರ್ಚೂ ತುಂಬಾ ದೊಡ್ಡದು. ಬಿ2ರಲ್ಲಿ ಪಿಮೊಬೆಂಡಾನ್ ಮೇಲೆ ವರ್ಷಗಟ್ಟಲೆ ಆರಾಮಾಗಿರಬಹುದಾದ ನಾಯಿಯನ್ನು ಇವತ್ತೇ ಟೇಬಲ್ ಮೇಲೆ ಮಲಗಿಸಬೇಕಾ ಅನ್ನುವುದು ಸುಲಭದ ತೀರ್ಮಾನ ಅಲ್ಲ. ನಾನಾಗಿದ್ದರೆ ಹೃದಯದ ತಜ್ಞರ ಹತ್ತಿರ 4ರಿಂದ 6 ತಿಂಗಳಿಗೊಮ್ಮೆ ಎಕೋ ಮಾಡಿಸಿ, ಹಿಗ್ಗುವ ವೇಗ ಏರಿತು ಅನ್ನಿಸಿದ ತಕ್ಷಣ ಆಪರೇಷನ್‌ಗೆ ಹೆಸರು ಬರೆಸುತ್ತಿದ್ದೆ. ಕಾಯುವ ಪಟ್ಟಿ ಉದ್ದ ಇರುತ್ತೆ, ಹಾಗಾಗಿ ವಿಚಾರಿಸುವುದನ್ನು ಮಾತ್ರ ಈಗಲೇ ಮಾಡಿ.

ಪ್ರಶ್ನೆ: ಟಾಮಿಗೆ 13 ವರ್ಷ. ಹಾರ್ಟ್ ಫೇಲ್ ಆಗಿ 5 ತಿಂಗಳಾಯಿತು, ಔಷಧಿ ಮೇಲೆ ಚೆನ್ನಾಗಿದ್ದಾನೆ. ಮುಂದಿನ ತಿಂಗಳು ತಂಗಿಯ ಮದುವೆ, ನಾಲ್ಕು ದಿನ ಊರಿಗೆ ಹೋಗಲೇಬೇಕು. ನಾವು ಇಲ್ಲದಾಗ ಏನಾದರೂ ಆದರೆ ಅಂತ ಭಯ. ಹೋಗಬಹುದಾ?
ಓದುಗರು, ತುಮಕೂರು

ಉತ್ತರ: ಹೋಗಿಬನ್ನಿ. ಆರು ತಿಂಗಳ ಭವಿಷ್ಯ ಹೇಳುವುದು ಕಷ್ಟ, ಆದರೆ ನಾಲ್ಕು ದಿನದ್ದು ಅಷ್ಟು ಕಷ್ಟ ಅಲ್ಲ. ಹೊರಡುವ ಹಿಂದಿನ ಎರಡು ವಾರ ನಿದ್ದೆಯ ಉಸಿರು ಒಂದೇ ಸಮ ಇದೆಯಾ, ಊಟ ಮಾಡುತ್ತಿದ್ದಾನಾ, ತೂಕ ನಿಂತಿದೆಯಾ, ಒಮ್ಮೆಯೂ ಬಿದ್ದಿಲ್ಲವಾ ನೋಡಿ. ನಾಲ್ಕೂ ಸರಿ ಇದ್ದರೆ ಧೈರ್ಯವಾಗಿ ಹೋಗಬಹುದು. ಈ ಕಾಯಿಲೆಯಲ್ಲಿ ಹಠಾತ್ ಸಾವು ಇಲ್ಲವೇ ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ಎಳೆ ಹರಿದೋ, ಹಿಗ್ಗಿದ ಕೋಣೆಯ ಗೋಡೆ ಸೀಳಿಯೋ ಕೆಲವು ಹೋಗುತ್ತವೆ. ಆದರೆ ಹೆಚ್ಚಿನವು ಮೊದಲೇ ಸೂಚನೆ ಕೊಡುತ್ತವೆ, ನೀವು ಮನೆಯಲ್ಲೇ ಕೂತಿದ್ದರೂ ಹಠಾತ್ ಆಗುವುದನ್ನು ತಡೆಯಲು ಆಗುತ್ತಿರಲಿಲ್ಲ.

ಮದುವೆ ಮನೆಗೆ ಕರೆದುಕೊಂಡು ಹೋಗಬೇಡಿ. ಜನ, ಓಲಗ, ಪಟಾಕಿ, ಯಾರೋ ಪ್ರೀತಿಯಿಂದ ಹಾಕುವ ಉಪ್ಪಿನ ತಿಂಡಿ, ಇದೆಲ್ಲ ಅವನಿಗೆ ಆಗದು. ಅವನಿಗೆ ಗೊತ್ತಿರುವವರು ನಿಮ್ಮ ಮನೆಗೇ ಬಂದು ಇರಲಿ. ಹೋಗುವ ಮೊದಲು ಎರಡು ರಾತ್ರಿ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಸಿರು ಎಣಿಸುವುದನ್ನು ಕಲಿಸಿ, ಅವರ ಎಣಿಕೆ ನಿಮ್ಮ ಎಣಿಕೆ ಒಂದೇ ಬರಬೇಕು. ಮಾತ್ರೆಗಳನ್ನು ಬೆಳಗಿನದು, ಸಂಜೆಯದು ಅಂತ ಎಂಟು ಪೊಟ್ಟಣ ಕಟ್ಟಿ, ಮೇಲೆ ವಾರ ಬರೆದಿಡಿ. ಫ್ರಿಜ್ ಬಾಗಿಲಿಗೆ ಒಂದು ಚೀಟಿ ಅಂಟಿಸಿ. ಟಾಮಿಯ ಮಾಮೂಲಿ ಉಸಿರು ಎಷ್ಟು, 30 ದಾಟಿದರೆ ಯಾರಿಗೆ ಫೋನ್, ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದು, ಯಾವ ಆಟೋದವರು ನಾಯಿ ಹತ್ತಿಸಿಕೊಳ್ಳುತ್ತಾರೆ, ಖರ್ಚಿಗೆ ದುಡ್ಡು ಎಲ್ಲಿಟ್ಟಿದ್ದೀರಿ, ಮತ್ತೆ ನಿಮ್ಮನ್ನು ಕೇಳುವವರೆಗೆ ಕಾಯದೆ ಇಂಜೆಕ್ಷನ್ ಕೊಡಿಸಬಹುದು ಅನ್ನುವ ನಿಮ್ಮ ಒಪ್ಪಿಗೆ. ಧಾರೆಯ ಹೊತ್ತಿಗೆ ನಿಮ್ಮ ಫೋನ್ ಎಲ್ಲೋ ಚೀಲದಲ್ಲಿರುತ್ತೆ, ಆ ಕೊನೆಯ ಸಾಲನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ.